ಕ್ಯಾಮೆರಾ ಬರುವ ಮೊದಲು

ಸತ್ಯಜಿತ್ ರಾಯ್ 1976ರಲ್ಲಿ ತೆಗೆದ 'ಬಾಲಾ' ಎಂಬ ಸಾಕ್ಷ್ಯಚಿತ್ರ ಸುಮಾರು ಅರ್ಧ ಗಂಟೆಯದು. ಮದ್ರಾಸಿನ ನರ್ತಕಿ ಟಿ. ಬಾಲಸರಸ್ವತಿ ಅವರ ಬಗೆಗಿನ ಚಿತ್ರ. ಅದನ್ನು ನೋಡುತ್ತಿರುವ ಕನ್ನಡಿಗರ ಕಿವಿ ಒಂದು ಕಡೆ ಥಟ್ಟನೆ ನಿಮಿರುತ್ತದೆ. ಸಮುದ್ರದ ದಂಡೆಯಲ್ಲಿ ಬಾಲಾ ನಿಂತಿದ್ದಾರೆ. ಗಾಳಿ ಜೋರಾಗಿ ಬೀಸಿ ಸೆರಗನ್ನು ಎಳೆದಾಡುತ್ತಿದೆ. ಹಿಂದೆ ಅಲೆಗಳು. ಕೇಳಿಬರುವ ಹಾಡು ತಮಿಳಲ್ಲ, ತೆಲುಗಲ್ಲ. ನಮ್ಮ ವ್ಯಾಸರಾಯರ ದೇವರನಾಮ 'ಕೃಷ್ಣಾ ನೀ ಬೇಗನೆ ಬಾರೋ'. ಮಗುವನ್ನು ಕರೆಯುವ ತಾಯಿಯಾಗಿ ಬಾಲಾ ಕೈ ಚಾಚುತ್ತಾರೆ, ಹುಸಿಮುನಿಸು ತೋರುತ್ತಾರೆ, ಮತ್ತೆ ಕರೆಯುತ್ತಾರೆ.

ಆಗ ಅವರಿಗೆ ಐವತ್ತೆಂಟು ವರ್ಷ. ದೇಹ ತುಂಬಿಕೊಂಡಿದೆ, ಮುಖದಲ್ಲಿ ವಯಸ್ಸು ಕಾಣುತ್ತದೆ. ರಾಯ್ ಅವರ ನೃತ್ಯವನ್ನು ಮೊದಲು ನೋಡಿದ್ದು ಕಲ್ಕತ್ತೆಯಲ್ಲಿ, 1930ರ ದಶಕದ ಮಧ್ಯದಲ್ಲಿ. ಆಗ ರಾಯ್ ಶಾಲೆಗೆ ಹೋಗುತ್ತಿದ್ದ ಹುಡುಗ. ಬಾಲಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅಲ್ಲಿಂದ ಕ್ಯಾಮೆರಾ ಅವರ ಮುಂದೆ ಬಂದು ನಿಲ್ಲಲು ನಲವತ್ತು ವರ್ಷ ಹಿಡಿಯಿತು. ಅದೂ ತಮಿಳುನಾಡು ಸರ್ಕಾರ ಮತ್ತು ಮುಂಬೈನ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರ ಸೇರಿ ಹಣ ಹಾಕಿದ ಮೇಲೆ.

ಈ ನಲವತ್ತು ವರ್ಷ ಏಕೆ ಬೇಕಾಯಿತು ಎಂದು ಕೇಳಿಕೊಳ್ಳುತ್ತಾ ಹೋದರೆ, ಮದ್ರಾಸ್ ನಗರದ ಇತಿಹಾಸದ ಒಂದು ಇಕ್ಕಟ್ಟಾದ ಓಣಿಗೆ ಬಂದು ಮುಟ್ಟುತ್ತೇವೆ. ಆ ಓಣಿಯಲ್ಲಿ ಬೆಂಗಳೂರಿನ ಹೆಸರು ಹೊತ್ತ ಹೆಂಗಸೊಬ್ಬರ ಮನೆಯೂ ಇತ್ತು.

*

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಮದ್ರಾಸಿನ ಸಂಗೀತವೆಂದರೆ ಮೈಲಾಪುರದಷ್ಟೇ ಜಾರ್ಜ್‌ಟೌನ್ ಕೂಡ. ವ್ಯಾಪಾರಿಗಳ, ಮಂಡಿಗಳ ಆ ಕಿಕ್ಕಿರಿದ ಬೀದಿಗಳಲ್ಲಿ ವೀಣೆ ಧನಮ್ಮಾಳ್ ಇದ್ದರು, ಕೊಯಮತ್ತೂರು ತಾಯಿ ಇದ್ದರು. ಧನಮ್ಮಾಳ್ ಬಾಲಸರಸ್ವತಿಯ ಅಜ್ಜಿ. ತಂಜಾವೂರಿನ ಆಸ್ಥಾನದವರೆಗೂ ಹಿಂದಕ್ಕೆ ಹೋಗುವ ಮನೆತನ. ಇವರೆಲ್ಲ ದೇವದಾಸಿ ಪರಂಪರೆಯ ಹೆಂಗಸರು. ಇಂದು ಕರ್ನಾಟಕದಲ್ಲಿ 'ದೇವದಾಸಿ' ಎಂದಾಗ ನಮಗೆ ನೆನಪಾಗುವುದು ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಬಡ ದಲಿತ ಹೆಣ್ಣುಮಕ್ಕಳು, 1982ರ ಕಾನೂನು. ತಂಜಾವೂರು–ಮದ್ರಾಸಿನ ಈ ಕಲಾವಿದೆಯರ ಬದುಕು ಅದಕ್ಕಿಂತ ಬೇರೆ. ಓದು ಬರಹ, ಸಂಗೀತ, ಸ್ವಂತ ಆಸ್ತಿ ಹೆಣ್ಣಿನಿಂದ ಹೆಣ್ಣಿಗೆ ಬರುತ್ತಿದ್ದ ಮನೆಗಳವು. ಆದರೆ ಆಶ್ರಯದಾತ ಗಂಡಸಿನ ಮರ್ಜಿಯ ನೆರಳು ಆ ಮನೆಗಳ ಮೇಲೂ ಇತ್ತು. ಅದನ್ನು ಮರೆತು ಆ ಕಾಲವನ್ನು ಸ್ವರ್ಗ ಮಾಡಬೇಕಾಗಿಲ್ಲ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ತಾಯಿ ಪುಟ್ಟಲಕ್ಷ್ಮಿ. ಮೈಸೂರು, ಬೆಂಗಳೂರುಗಳಲ್ಲಿ ಪಾಠ, ಹಾಡುಗಾರಿಕೆ, ಹೆಸರು, ಆಮೇಲೆ ಮದ್ರಾಸು. ಅಲ್ಲಿ ಅವರು 'ಬೆಂಗಳೂರು ನಾಗರತ್ನಮ್ಮ' ಆದರು. ಮದ್ರಾಸಿಗೆ ಹೋದ ಮೇಲೆ ಬೆಂಗಳೂರು ಅವರ ಹೆಸರಿಗೆ ಅಂಟಿಕೊಂಡಿತು. ಬೆಂಗಳೂರು ಮಾತ್ರ ಅವರನ್ನು ಬಹುಮಟ್ಟಿಗೆ ಮರೆಯಿತು.

ಅವರು ನಡೆದಾಡಿದ, ಹಾಡಿದ ಒಂದು ಚಲನಚಿತ್ರದ ತುಣುಕನ್ನೂ ನಾವು ನೋಡಿಲ್ಲ. ಉಳಿದಿರುವುದು ಕೆಲವು ಭಾವಚಿತ್ರಗಳು, ಕೆಲವು ಗ್ರಾಮಫೋನ್ ತಟ್ಟೆಗಳು. ತಟ್ಟೆಗಳ ವಿಷಯ ಸ್ವಲ್ಪ ಹೇಳಬೇಕು. 1902ರಲ್ಲಿ ಗ್ರಾಮಫೋನ್ ಕಂಪನಿ ಭಾರತಕ್ಕೆ ಬಂದಾಗ ಅದರ ಕಹಳೆಯ ಮುಂದೆ ನಿಂತು ಹಾಡಲು ಒಪ್ಪಿದವರು ಯಾರು? ಕಲ್ಕತ್ತೆಯಲ್ಲಿ ಗೌಹರ್ ಜಾನ್. ದಕ್ಷಿಣದಲ್ಲಿ ಕೊಯಮತ್ತೂರು ತಾಯಿ, ಸೇಲಂ ಗೋದಾವರಿ, ನಾಗರತ್ನಮ್ಮ. 'ಮರ್ಯಾದಸ್ಥ' ಮನೆಯ ಹೆಂಗಸರು ಹಾಡುವ ಮಾತೇ ಇರಲಿಲ್ಲ. ಎಷ್ಟೋ ಗಂಡಸು ವಿದ್ವಾಂಸರಿಗೆ ಮೂರು ನಿಮಿಷದಲ್ಲಿ ರಾಗ ಮುಗಿಸುವುದು ಅವಮಾನವೆನಿಸಿತ್ತು. ಈ ಹೆಂಗಸರಿಗೆ ಎರಡು ತೊಡಕೂ ಇರಲಿಲ್ಲ. ಹಾಗಾಗಿ ನಮ್ಮ ದೇಶದ ಧ್ವನಿಮುದ್ರಣದ ಇತಿಹಾಸ ಶುರುವಾಗುವುದೇ ಸಮಾಜ ಹೊಸ್ತಿಲಾಚೆ ನಿಲ್ಲಿಸಿದ್ದವರ ದನಿಯಿಂದ. ಕಿವಿ ಅವರನ್ನು ಬಲು ಬೇಗ ಒಳಗೆ ಬಿಟ್ಟುಕೊಂಡಿತು. ಕಣ್ಣು ತಡ ಮಾಡಿತು.

*

ನಾಗರತ್ನಮ್ಮ ಯಾರಾದರೂ ಬಂದು ತನ್ನನ್ನು ದಾಖಲಿಸಲಿ ಎಂದು ಕಾಯಲಿಲ್ಲ. ಅವರು ಮಾಡಿದ ಎರಡು ಕೆಲಸಗಳನ್ನು ನೋಡಿ.

ಮೊದಲನೆಯದು ಒಂದು ಪುಸ್ತಕ. ಹದಿನೆಂಟನೇ ಶತಮಾನದಲ್ಲಿ, ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಿದ್ದಳು. ನಾಗರತ್ನಮ್ಮನವರಿಗೆ ಸಿಕ್ಕ ಅಚ್ಚಿನ ಪ್ರತಿಗೂ ಹಸ್ತಪ್ರತಿಗೂ ತಾಳೆಯಾಗಲಿಲ್ಲ. ಕವಯಿತ್ರಿ ತನ್ನ ಅಜ್ಜಿ, ತಾಯಿಯರ ವಂಶವನ್ನು, ತನ್ನ ಪಾಂಡಿತ್ಯವನ್ನು ಹೇಳಿಕೊಂಡ ಪೀಠಿಕೆಯನ್ನೇ ಅಚ್ಚಿನಲ್ಲಿ ಕೈಬಿಟ್ಟಿದ್ದರು. ಕೆಲವು ಪದ್ಯಗಳೂ ಮಾಯವಾಗಿದ್ದವು. ಅವನ್ನೆಲ್ಲ ಸೇರಿಸಿ, ತಿದ್ದಿ, 1910ರಲ್ಲಿ ವಾವಿಳ್ಳ ಪ್ರಕಾಶನದಿಂದ ಪೂರ್ಣ ಪಾಠ ಹೊರತಂದರು. ಮುನ್ನುಡಿಯಲ್ಲಿ ಕಂದುಕೂರಿ ವೀರೇಶಲಿಂಗಂ ಅವರನ್ನೇ ಎದುರು ಹಾಕಿಕೊಂಡರು. ಇಂಥ ವಿಷಯಗಳನ್ನು ಒಬ್ಬ ಹೆಂಗಸು ಬರೆಯಬಾರದಿತ್ತು ಎಂದಿದ್ದ ಆ ದೊಡ್ಡ ಸುಧಾರಕರಿಗೆ ಅವರು ಕೇಳಿದ ಪ್ರಶ್ನೆಯ ಸಾರಾಂಶ ಇಷ್ಟೇ: ನಾಚಿಕೆ ಎಂಬುದು ಹೆಣ್ಣಿಗೆ ಮಾತ್ರವೋ, ಗಂಡಿಗೂ ಉಂಟೋ? ಉತ್ತರವಾಗಿ ಬಂದದ್ದು ಪೊಲೀಸರು. ಪುಸ್ತಕ ಅಶ್ಲೀಲವೆಂದು ಬ್ರಿಟಿಷ್ ಸರ್ಕಾರ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾದದ್ದು ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಟಂಗುಟೂರಿ ಪ್ರಕಾಶಂ ಅವರು ಅಧಿಕಾರದಲ್ಲಿದ್ದಾಗ.

ಎರಡನೆಯದು ಒಂದು ಕಟ್ಟಡ. ತಿರುವೈಯಾರಿನಲ್ಲಿ ಕಾವೇರಿಯ ದಂಡೆಯ ಮೇಲೆ ತ್ಯಾಗರಾಜರ ಸಮಾಧಿ ಪಾಳುಬಿದ್ದ ಸುದ್ದಿ 1921ರಲ್ಲಿ ಅವರಿಗೆ ತಲುಪಿತು. ತಿಳಿಸಿದವರು ಅವರ ಗುರುಗಳಾದ ಮೈಸೂರಿನ ಬಿಡಾರಂ ಕೃಷ್ಣಪ್ಪ. ನಾಗರತ್ನಮ್ಮ ಒಡವೆ, ಉಳಿತಾಯ ಸುರಿದು ಅಲ್ಲಿ ಗುಡಿ ಕಟ್ಟಿಸಿದರು, 1925ರಲ್ಲಿ ಪ್ರತಿಷ್ಠೆಯಾಯಿತು. ಆದರೆ ಆರಾಧನೆಯಲ್ಲಿ ಹಾಡುವ ಹಕ್ಕು ಗಂಡಸರ ಎರಡು ಬಣಗಳ ಕೈಯಲ್ಲಿತ್ತು. ಗುಡಿ ಕಟ್ಟಿಸಿದವಳಿಗೆ ಗುಡಿಯ ಮುಂದೆ ಹಾಡಲು ಜಾಗವಿಲ್ಲ! ಅವರು 1927ರಲ್ಲಿ ಹೆಂಗಸರದೇ ಬಣ ಕಟ್ಟಿ, ಸಮಾಧಿಯ ಹಿಂಬದಿಯಲ್ಲಿ ಹೆಂಗಸರ ಆರಾಧನೆ ನಡೆಸಿದರು. ಬಣಗಳೆಲ್ಲ ಒಂದಾಗಿ ಹೆಂಗಸರೂ ಗಂಡಸರೂ ಸೇರಿ ಹಾಡುವಂತಾಗಲು 1940ರ ಆಸುಪಾಸಿನವರೆಗೆ ಕಾಯಬೇಕಾಯಿತು.

ಈ ಎರಡೂ ಕೆಲಸಗಳನ್ನು ನಾನು ಸಾಕ್ಷ್ಯಚಿತ್ರದ ಕೆಲಸವೆಂದೇ ನೋಡುತ್ತೇನೆ. ತನ್ನ ಹಿಂದಿನ ಒಬ್ಬ ಕಲಾವಿದೆಯ ಬದುಕನ್ನು ಕತ್ತರಿ ಬಿದ್ದ ಕಡೆಯೆಲ್ಲ ಹೊಲಿದು ಮುಂದಿಡುವುದು. ಒಂದು ಜಾಗವನ್ನು ಯಾರೂ ಅಳಿಸಲಾಗದಂತೆ ಕಲ್ಲಿನಲ್ಲಿ ನಿಲ್ಲಿಸುವುದು. ಉತ್ತರದಲ್ಲಿ ಇದೇ ಬಗೆಯ ಹುಡುಕಾಟವನ್ನು ಕ್ಯಾಮೆರಾ ಹಿಡಿದು ಮಾಡಿದವರು ಸಬಾ ದೇವಾನ್. 2009ರ ಅವರ 'ದಿ ಅದರ್ ಸಾಂಗ್' ಬನಾರಸಿನ ರಸೂಲನ್ ಬಾಯಿ 1935ರಲ್ಲಿ ತಟ್ಟೆಗೆ ಹಾಡಿ, ಆಮೇಲೆ ಎಂದೂ ಹಾಡದ ಒಂದು ಠುಮ್ರಿಯ ಬೆನ್ನು ಹತ್ತುತ್ತದೆ. ಎಲ್ಲರಿಗೂ ಗೊತ್ತಿರುವ ರೂಪಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಪದ. ಆ ಪದ ಏಕೆ ಬದಲಾಯಿತು ಎಂದು ಕೇಳಿದರೆ ತವಾಯಫರ ಇಡೀ ಲೋಕ ಹೇಗೆ ಅಳಿಸಿಹೋಯಿತು ಎಂಬುದು ಗೊತ್ತಾಗುತ್ತದೆ. ನಾಗರತ್ನಮ್ಮ ಇದೇ ಪ್ರಶ್ನೆಯನ್ನು ಸುಮಾರು ನೂರು ವರ್ಷ ಮೊದಲು ಒಂದು ಪೀಠಿಕೆಯ ಬಗ್ಗೆ ಕೇಳಿದ್ದರು.

*

ಮತ್ತೆ ಮದ್ರಾಸಿಗೆ. ಬಾಲಾ ಹುಟ್ಟಿದ್ದು 1918ರಲ್ಲಿ. ಏಳನೆಯ ವಯಸ್ಸಿನಲ್ಲಿ ಕಾಂಚೀಪುರದಲ್ಲಿ ಮೊದಲ ನೃತ್ಯ. ಅವರು ಬೆಳೆಯುತ್ತಿದ್ದ ವರ್ಷಗಳಲ್ಲೇ ಅವರ ಕಾಲ ಕೆಳಗಿನ ನೆಲ ಸರಿಯುತ್ತಿತ್ತು. ಮೈಸೂರು ಸಂಸ್ಥಾನ 1909ರಲ್ಲೇ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತ್ತು. ಮದ್ರಾಸಿನ ಶಾಸನಸಭೆಯಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ 1920ರ ದಶಕದ ಕೊನೆಯಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಹೋರಾಟ ಶುರು ಮಾಡಿದರು. ಇಲ್ಲಿ ಖಳನಾಯಕರನ್ನು ಹುಡುಕುವುದು ಸುಲಭವಲ್ಲ. ಮುತ್ತುಲಕ್ಷ್ಮಿಯವರ ತಾಯಿ ಚಂದ್ರಮ್ಮಾಳ್ ಅದೇ ಸಮುದಾಯದವರು. ಚಿಕ್ಕ ಹುಡುಗಿಯರ ಗತಿ ಏನೆಂದು ಮಗಳಿಗೆ ಮನೆಯೊಳಗಿಂದಲೇ ಗೊತ್ತಿತ್ತು. ಎದುರು ನಿಂತ ದೇವದಾಸಿಯರ ಸಂಘದ ಮುಂಚೂಣಿಯಲ್ಲಿ ನಾಗರತ್ನಮ್ಮ ಇದ್ದರು: ನಾವು ಕಲಾವಿದೆಯರು, ನಮ್ಮನ್ನು ವೇಶ್ಯೆಯರೆಂದು ಬರೆಯಬೇಡಿ, ನಮ್ಮ ಮಾತನ್ನೂ ಕೇಳಿ ಎಂಬುದು ಅವರ ವಾದ. ಕಾನೂನು 1947ರಲ್ಲಿ ಬಂತು. ಎಳೆಯ ಹುಡುಗಿಯರ ರಕ್ಷಣೆಗೆ ಕಾನೂನು ಬೇಕಿತ್ತು. ಆದರೆ ಅದರ ಜೊತೆ ಬೆಳೆದ ಕಳಂಕದಲ್ಲಿ ದೊಡ್ಡ ಕಲಾವಿದೆಯರೂ ಮುಳುಗಿದರು. ಮೈಲಾಪುರದ ಕಪಾಲೀಶ್ವರ ದೇವಸ್ಥಾನದ ಗೌರಿ ಅಮ್ಮಾಳ್ ಬಾಲಾಗೂ ರುಕ್ಮಿಣಿದೇವಿ ಅರುಂಡೇಲ್‌ಗೂ ಪಾಠ ಹೇಳಿದವರು. ಅವರ ಕೊನೆಗಾಲ ಬಡತನದಲ್ಲಿ ಕಳೆಯಿತು.

ಅದೇ ಹೊತ್ತಿನಲ್ಲಿ ನೃತ್ಯಕ್ಕೆ ಹೊಸ ಹೆಸರು ಬಂತು. 'ಸದಿರ್' ಹೋಗಿ 'ಭರತನಾಟ್ಯ' ಆಯಿತು. ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ವೇದಿಕೆ ಸಿಕ್ಕಿತು, 1936ರಲ್ಲಿ ಕಲಾಕ್ಷೇತ್ರ ಹುಟ್ಟಿತು. ಈ ಪುನರುಜ್ಜೀವನದ ದೊಡ್ಡ ಕಾರ್ಯಕರ್ತ ಇ. ಕೃಷ್ಣ ಅಯ್ಯರ್, ವಕೀಲರು, ಸ್ವಾತಂತ್ರ್ಯ ಹೋರಾಟಗಾರರು. ನೃತ್ಯಕ್ಕೆ ಅಂಟಿದ ಕಳಂಕ ತೊಳೆಯಲು ಅವರು ಒಂದು ದಾರಿ ಹುಡುಕಿದರು: ತಾವೇ ಸೀರೆಯುಟ್ಟು, ಹೆಣ್ಣಿನ ವೇಷ ತೊಟ್ಟು, ವೇದಿಕೆಯ ಮೇಲೆ ಸದಿರ್ ಆಡಿ ತೋರಿಸಿದರು. ಜನ ಮೆಚ್ಚಿದರು. ಅವರ ಧೈರ್ಯ ದೊಡ್ಡದು, ಸಂದೇಹವಿಲ್ಲ. ಆದರೂ ಒಂದು ಮಾತು ಮನಸ್ಸಿನಲ್ಲಿ ಉಳಿಯುತ್ತದೆ. ವಕೀಲರೊಬ್ಬರು ಸಂಜೆ ಎರಡು ಗಂಟೆ ಹೆಣ್ಣಾದರೆ ಅದು ಕಲಾಸೇವೆ. ನಮ್ಮ ಯಕ್ಷಗಾನದ ಸ್ತ್ರೀವೇಷಕ್ಕೆ, ಕಂಪನಿ ನಾಟಕದ ಹೆಣ್ಣು ಪಾರ್ಟಿಗೆ ನಾವೂ ಚಪ್ಪಾಳೆ ಹೊಡೆದವರೇ. ಬಣ್ಣ ಒರೆಸಿದ ಮೇಲೂ ಹೆಣ್ಣಾಗಿಯೇ ಉಳಿಯುತ್ತೇನೆ ಎನ್ನುವವರಿಗೆ ಏನಾಯಿತು?

*

ಈ ಪ್ರಶ್ನೆಗೆ ಒಂದು ಉತ್ತರ ಚೆನ್ನೈಯಲ್ಲೇ ಇದೆ. ಮದುರೆಯಲ್ಲಿ ಗಂಡುಮಗುವೆಂದು ಹುಟ್ಟಿ, ಒಳಗಿನ ಹೆಣ್ಣನ್ನು ಅಡಗಿಸಲಾರದೆ ಮನೆ ಬಿಟ್ಟು, ಗೆಳತಿ ಶಕ್ತಿಯೊಡನೆ ತಂಜಾವೂರಿಗೆ ಹೋಗಿ ಗುರುಗಳ ಬಾಗಿಲಲ್ಲಿ ಕಾದು ಶಿಷ್ಯೆಯಾದವರು ನರ್ತಕಿ ನಟರಾಜ್. 'ನರ್ತಕಿ' ಎಂಬ ಹೆಸರು ಗುರು ಇಟ್ಟದ್ದು. ಆ ಗುರು ಕಿಟ್ಟಪ್ಪ ಪಿಳ್ಳೆ, ತಂಜಾವೂರಿನ ಪ್ರಸಿದ್ಧ ನಾಲ್ವರು ಸಹೋದರರ ವಂಶದವರು. ಆ ನಾಲ್ವರಲ್ಲಿ ಹಿರಿಯರಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ, ನಮ್ಮ ಮೈಸೂರಿಗೆ ಬಂದವರು. ನರ್ತಕಿಯವರ ವಿಶೇಷ ನಾಯಕಿ ಭಾವ: ಕಾಯುವ, ಕೋಪಿಸುವ, ಬೇಡುವ ಹೆಣ್ಣಿನ ಭಾವ. ದೇವದಾಸಿಯರು ಕಾಪಾಡಿಕೊಂಡು ಬಂದ, ಸುಧಾರಕರು ಮುಜುಗರಪಟ್ಟ ಅದೇ ಶೃಂಗಾರ. ಅದನ್ನು ಶುದ್ಧ ಮಾಡಬೇಕಾದ ಅಗತ್ಯವೇ ಇಲ್ಲ ಎಂದು ಬಾಲಾ ಕೊನೆಯವರೆಗೂ ವಾದಿಸಿದ್ದರು. 2019ರಲ್ಲಿ ನರ್ತಕಿಯವರಿಗೆ ಪದ್ಮಶ್ರೀ ಬಂತು. ಆ ಪ್ರಶಸ್ತಿ ಪಡೆದ ಮೊದಲ ಲಿಂಗಪರಿವರ್ತಿತ ಮಹಿಳೆ ಅವರು.

ಪ್ರಶಸ್ತಿ ಬಂದ ಮಾತ್ರಕ್ಕೆ ಊರು ಬಾಗಿಲು ತೆರೆಯುತ್ತದೆಯೇ? 2017ರಲ್ಲಿ ಲೀನಾ ಮಣಿಮೇಕಲೈ ತೆಗೆದ 'ಈಸ್ ಇಟ್ ಟೂ ಮಚ್ ಟು ಆಸ್ಕ್' ಎಂಬ ಸಾಕ್ಷ್ಯಚಿತ್ರ ಕೇಳುವುದು ಇದನ್ನೇ. ಕಥೆ ಇಷ್ಟು: ಇಬ್ಬರು ಗೆಳತಿಯರು, ಸ್ಮೈಲ್ ಮತ್ತು ಗ್ಲಾಡಿ, ಇಬ್ಬರೂ ಟ್ರಾನ್ಸ್ ಮಹಿಳೆಯರು, ಇಬ್ಬರೂ ರಂಗ ಕಲಾವಿದೆಯರು, ಚೆನ್ನೈಯಲ್ಲಿ ಬಾಡಿಗೆ ಮನೆ ಹುಡುಕುತ್ತಾರೆ. 2008ರಲ್ಲೇ ಟ್ರಾನ್ಸ್‌ಜೆಂಡರ್ ಕಲ್ಯಾಣ ಮಂಡಳಿ ಮಾಡಿದ ರಾಜ್ಯದ ರಾಜಧಾನಿ ಇದು. 2014ರಲ್ಲಿ ಸುಪ್ರೀಂ ಕೋರ್ಟ್ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕು ಕೊಟ್ಟಾಗಿದೆ. ಆದರೂ ಒಂದು ಕೋಣೆ, ಒಂದು ಅಡುಗೆಮನೆ ಸಿಗುವುದು ಕಷ್ಟ.

ಆ ಸ್ಮೈಲ್ ಬೇರೆ ಯಾರೂ ಅಲ್ಲ, ಲಿವಿಂಗ್ ಸ್ಮೈಲ್ ವಿದ್ಯಾ. ಅವರು ತಮಿಳಿನಲ್ಲಿ ಬರೆದ ಆತ್ಮಕಥೆ ಡಾ. ತಮಿಳ್ ಸೆಲ್ವಿಯವರ ಅನುವಾದದಲ್ಲಿ 'ನಾನು ಅವನಲ್ಲ... ಅವಳು' ಎಂದು ಕನ್ನಡಕ್ಕೆ ಬಂತು. ಬಿ.ಎಸ್. ಲಿಂಗದೇವರು ಅದನ್ನು ಸಿನಿಮಾ ಮಾಡಿದರು. ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ನಮ್ಮಲ್ಲಿ ಎಷ್ಟೋ ಮಂದಿ ಆ ಸಿನಿಮಾ ನೋಡಿ ಕಣ್ಣೊರೆಸಿಕೊಂಡಿದ್ದೇವೆ. ವಿಜಯ್ ಅವರ ನಟನೆಯ ಪ್ರಾಮಾಣಿಕತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಸಿನಿಮಾ ಮತ್ತು ಲೀನಾ ಅವರ ಸಾಕ್ಷ್ಯಚಿತ್ರ ಎರಡನ್ನೂ ಒಂದರ ಪಕ್ಕ ಒಂದಿಟ್ಟಾಗ ಸಾಕ್ಷ್ಯಚಿತ್ರ ಏಕೆ ಬೇಕು ಎಂಬುದು ತಿಳಿಯುತ್ತದೆ. ಸಿನಿಮಾದಲ್ಲಿ ನಾವು ವಿದ್ಯಾಳ ಬದುಕಿಗಾಗಿ ಅತ್ತೆವು. ಸಾಕ್ಷ್ಯಚಿತ್ರದಲ್ಲಿ ವಿದ್ಯಾ ತಾನೇ ಬಂದು ಮನೆ ಕೇಳುತ್ತಾಳೆ. ಅಳುವುದು ಸುಲಭ, ಬಾಡಿಗೆಗೆ ಕೊಡುವುದು ಕಷ್ಟ.

ತಮ್ಮ ಕಥೆಯನ್ನು ತಾವೇ ಹೇಳಿ ಕ್ಯಾಮೆರಾಕ್ಕಿಂತ ಮುಂಚೆ ನಡೆದವರ ಸಾಲಿನಲ್ಲಿ ಎ. ರೇವತಿಯವರೂ ಇದ್ದಾರೆ. ನಾಮಕ್ಕಲ್ ಕಡೆಯವರು, ಬೆಂಗಳೂರಿನ 'ಸಂಗಮ' ಸಂಸ್ಥೆಯಲ್ಲಿ ವರ್ಷಗಟ್ಟಲೆ ದುಡಿದವರು. ಅವರ ಆತ್ಮಕಥೆ ದು. ಸರಸ್ವತಿಯವರ ಕನ್ನಡದಲ್ಲಿ 'ಬದುಕು ಬಯಲು' ಆಗಿ, ನಾಟಕವಾಗಿ ಕರ್ನಾಟಕದ ಊರೂರಿನಲ್ಲಿ ಆಡಿತು. ಅವರೂ ಒಬ್ಬರೇ ನಿಂತು 'ವೆಳ್ಳೈ ಮೊಳಿ' ಎಂಬ ರಂಗಪ್ರಯೋಗದಲ್ಲಿ ಆ ಬದುಕನ್ನು ಆಡಿದರು. ಕೇರಳದ ಪಿ. ಅಭಿಜಿತ್ ಅವರ ಸಾಕ್ಷ್ಯಚಿತ್ರ 'ಞಾನ್ ರೇವತಿ' ಬಂದದ್ದು ಇವೆಲ್ಲ ಆದ ಮೇಲೆ. ಕ್ರಮ ಗಮನಿಸಿ: ಮೊದಲು ಪುಸ್ತಕ, ಆಮೇಲೆ ರಂಗ, ಕೊನೆಗೆ ಕ್ಯಾಮೆರಾ. ನಾಗರತ್ನಮ್ಮನವರ ಕಾಲದ ಕ್ರಮವೂ ಇದೇ. ಅವರ ಬದುಕಿನಲ್ಲಿ ಕ್ಯಾಮೆರಾ ಮಾತ್ರ ಬರಲೇ ಇಲ್ಲ.

*

ನಮ್ಮಲ್ಲೇ ಒಂದು ಉದಾಹರಣೆ. 2021ರ ನವೆಂಬರಿನಲ್ಲಿ ಮಂಜಮ್ಮ ಜೋಗತಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಕೆಲವೇ ಸೆಕೆಂಡುಗಳ ಆ ದೃಶ್ಯವನ್ನು ದೇಶವೆಲ್ಲ ಫೋನಿನಲ್ಲಿ ನೋಡಿತು. ಆದರೆ ಮಂಜಮ್ಮನವರಿಗೆ ಜೋಗತಿ ನೃತ್ಯ ಕಲಿಸಿದ, ಎಲ್ಲಮ್ಮನ ಆಟದಲ್ಲಿ ಊರೂರು ಸುತ್ತಿದ ಕಾಳವ್ವ ಜೋಗತಿಯ ಕುಣಿತವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? ಮಂಜಮ್ಮನವರ ಬದುಕನ್ನೂ ಅರುಣ್ ಜೋಳದಕೂಡ್ಲಿಗಿ ಕೂತು ಕೇಳಿ 'ನಡುವೆ ಸುಳಿವ ಹೆಣ್ಣು' ಎಂದು ಬರೆದಿಟ್ಟದ್ದರಿಂದ ಅದು ಉಳಿಯಿತು. ಸೆರಗಿನ ಆ ಕೆಲವು ಸೆಕೆಂಡುಗಳ ಹಿಂದೆ ಏನಿದೆ ಎಂದು ಹೇಳುವುದು ಆ ಪುಸ್ತಕ, ವೀಡಿಯೊ ಅಲ್ಲ.

ರಾಯ್ ಅವರ ಚಿತ್ರವನ್ನು 'ತಡವಾಗಿ ಬಂದದ್ದು' ಎಂದು ಬಯ್ದು ಮುಗಿಸಲು ನನಗೆ ಇಷ್ಟವಿಲ್ಲ. ತಡವಾಗಿಯಾದರೂ ಬಂತಲ್ಲ. ಆ ಚಿತ್ರದ ಕೊನೆಯ ಭಾಗದಲ್ಲಿ ಬಾಲಾ ರಾಗಮಾಲಿಕೆಯ ವರ್ಣವೊಂದನ್ನು ಆಡುತ್ತಾರೆ. ಅವರ ಕಾಲಲ್ಲಿರುವುದು ಐವತ್ತೊಂದು ವರ್ಷದ ಹಿಂದೆ, ಏಳು ವರ್ಷದ ಹುಡುಗಿಯಾಗಿದ್ದಾಗ ಮೊದಲ ಪ್ರದರ್ಶನಕ್ಕೆ ಕಟ್ಟಿದ ಅದೇ ಗೆಜ್ಜೆ ಎಂದು ನಿರೂಪಣೆಯಲ್ಲಿ ರಾಯ್ ಅವರದೇ ದನಿ ತಿಳಿಸುತ್ತದೆ. ತರುಣಿ ಬಾಲಾ ನಮಗೆ ಸಿಗಲಿಲ್ಲ. ಆ ಗೆಜ್ಜೆಯ ಸದ್ದು ಸಿಕ್ಕಿತು. ಎಂಟು ವರ್ಷಗಳ ನಂತರ, 1984ರಲ್ಲಿ, ಬಾಲಾ ತೀರಿಕೊಂಡರು.

ನಾಗರತ್ನಮ್ಮ ತೀರಿಕೊಂಡದ್ದು 1952ರ ಮೇ ತಿಂಗಳಲ್ಲಿ, ತಿರುವೈಯಾರಿನಲ್ಲೇ. ತ್ಯಾಗರಾಜರ ಸಮಾಧಿಗೆ ಮುಖಮಾಡಿ, ಕೈಮುಗಿದು ಕೂತ ಅವರ ವಿಗ್ರಹ ಅಲ್ಲಿದೆ. ಪುಷ್ಯ ಬಹುಳ ಪಂಚಮಿಯ ದಿನ ನೂರಾರು ಸಂಗೀತಗಾರರು, ಹೆಂಗಸರೂ ಗಂಡಸರೂ, ಒಟ್ಟಿಗೆ ಕೂತು ಪಂಚರತ್ನ ಕೀರ್ತನೆಗಳನ್ನು ಹಾಡುತ್ತಾರೆ. ಈಗ ಕ್ಯಾಮೆರಾಗಳಿಗೆ ಅಲ್ಲಿ ಕೊರತೆಯಿಲ್ಲ; ದೂರದರ್ಶನದಲ್ಲಿ ನೇರ ಪ್ರಸಾರ, ಯೂಟ್ಯೂಬಿನಲ್ಲಿ ಮತ್ತೆ ಮತ್ತೆ. ಕ್ಯಾಮೆರಾಗಳು ಹೆಸರಾಂತ ಗಾಯಕರ ಮುಖದಿಂದ ಮುಖಕ್ಕೆ ಸರಿಯುತ್ತವೆ. ಮುಂದಿನ ಆರಾಧನೆಯನ್ನು ನೀವು ಮನೆಯಲ್ಲಿ ಕೂತು ನೋಡುವಾಗ, ಗಾಯಕರ ಸಾಲಿನಾಚೆ ಸ್ವಲ್ಪ ಹುಡುಕಿ. ನಂಜನಗೂಡಿನ ಒಬ್ಬ ಹೆಂಗಸು ಅಲ್ಲಿ ಕೂತಿದ್ದಾರೆ.